ಭಾಷಾ ನೀತಿ ಮೇಲೆ ಪಿಎಚ್‌ಡಿ ಮಾಡಬೇಕು ಅಂತಿದ್ದೇನೆ, ತಾಂಡಾ ಶಾಲೆಯಿಂದ ಶುರು ಮಾಡಬಹುದಾ?

ತಾಂಡಾ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಲಿಂಗಸುಗೂರು ಕಡೆಯ ಒಂದು ಸರಕಾರಿ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಓದಿದ್ದು ಎಂ.ಎ. ಕನ್ನಡ, 58 ಪರ್ಸೆಂಟ್. ಭಾಷಾ ನೀತಿ ಮತ್ತು ಭಾಷಾ ಯೋಜನೆ ಮೇಲೆ ಪಿಎಚ್‌ಡಿ ಮಾಡಬೇಕು ಅನ್ನುವುದು ಬಹಳ ದಿನದ ಆಸೆ.

ಕಾರಣ ಇಷ್ಟೇ. ನಮ್ಮ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಂಬಾಣಿ ತಾಂಡಾದವರು. ಮನೆಯಲ್ಲಿ ಕನ್ನಡ ಇಲ್ಲ. ಒಂದನೇ ಕ್ಲಾಸಿಗೆ ಬಂದ ಕೂಡಲೇ ನಲಿ-ಕಲಿ (ನಲಿಯುತ್ತಾ ಕಲಿಯುವ ಸರಕಾರಿ ಪದ್ಧತಿ) ಕಾರ್ಡು ಕೈಗೆ ಕೊಡುತ್ತೇವೆ. ಚಿತ್ರದಲ್ಲಿ ತಾಯಿ ಇದ್ದರೆ ಮಗು ‘ಯಾಡಿ’ ಅನ್ನುತ್ತದೆ. ನಾವು ‘ಹಂಗಲ್ಲ, ಅಮ್ಮ ಅನ್ನು’ ಅಂತ ತಿದ್ದುತ್ತೇವೆ. ಹೀಗೆ ನಾಲ್ಕು ಸಲ ತಿದ್ದಿಸಿಕೊಂಡ ಮಗು ಆಮೇಲೆ ಬಾಯಿ ಬಿಡುವುದೇ ಇಲ್ಲ. ಮೂರನೇ ಕ್ಲಾಸಿಗೆ ಬರುವ ಹೊತ್ತಿಗೆ ಅದಕ್ಕೆ ‘ಮಂದ’ ಅನ್ನುವ ಹೆಸರು ಬಿದ್ದಿರುತ್ತದೆ. ಆಟದ ಬಯಲಿನಲ್ಲಿ ಅದೇ ಮಗು ತನ್ನ ಭಾಷೆಯಲ್ಲಿ ಇಡೀ ತಂಡವನ್ನು ಕುಣಿಸುತ್ತಿರುತ್ತದೆ.

ಒಬ್ಬ ಗೈಡ್ ಹತ್ತಿರ ಹೋಗಿದ್ದೆ. ‘ಇದು ಸಾಹಿತ್ಯ ಅಲ್ಲಮ್ಮ, ರಾಜಕೀಯ. ಒಬ್ಬ ಕಾದಂಬರಿಕಾರರನ್ನು ತಗೊಳ್ಳಿ, ಬೇಗ ಮುಗಿಯುತ್ತೆ’ ಅಂದರು. ಮನಸ್ಸಿಗೆ ಬಹಳ ಬೇಜಾರಾಯಿತು. ನಾನು ಅಂದುಕೊಂಡಿರುವ ಶೀರ್ಷಿಕೆ: ‘ಕರ್ನಾಟಕದ ಭಾಷಾ ನೀತಿ: ಒಂದು ಅಧ್ಯಯನ’. ಯಾವ ವಿಭಾಗಕ್ಕೆ ಹೋಗಬೇಕು? ನೌಕರಿ ಬಿಡದೆ ಮಾಡಬಹುದಾ? ಕನ್ನಡದಲ್ಲಿ ಬರೆದರೆ ನಡೆಯುತ್ತದಾ? ತಿಳಿದವರು ಹೇಳಿ.

ಎರಡನೇ ವರ್ಷ:
ಅಕ್ಕಾ, ನಾನು ಹೈದರಾಬಾದಿನಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಿಯಮದ ವಿಷಯ ಮೊದಲು ಹೇಳಿಬಿಡುತ್ತೇನೆ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ಪಿಎಚ್‌ಡಿಗೆ ಹೊಸ ನಿಯಮ ತಂದಿದೆ. ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಎಂ.ಎ.ಯಲ್ಲಿ 55 ಪರ್ಸೆಂಟ್ ಬೇಕು, ನಿಮ್ಮದು ಸಾಕು. ಪಾರ್ಟ್‌ಟೈಮ್‌ಗೆ ಅವಕಾಶ ಇದೆ. ಆದರೆ ನಿಮ್ಮ ಇಲಾಖೆಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಓದುವುದಕ್ಕೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಬಿಡುಗಡೆ ಮಾಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಅರ್ಜಿ ಹಾಕುವ ಮೊದಲೇ ಆ ಕಾಗದಕ್ಕೆ ಓಡಾಡಿ. ನನ್ನ ಜೊತೆಯವರೊಬ್ಬರು ಸೀಟು ಸಿಕ್ಕ ಮೇಲೆ ಎನ್‌ಒಸಿ ಕೇಳಿದರು. ಫೈಲು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆ ವರ್ಷವೇ ಕೈಬಿಟ್ಟು ಹೋಯಿತು.

2024ರ ಜೂನ್‌ನಿಂದ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕದ ಮೇಲೇ ಪಿಎಚ್‌ಡಿ ಪ್ರವೇಶಕ್ಕೆ ದಾರಿ ಆಗಿದೆ. ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30. ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕರೆ ತಿಂಗಳಿಗೆ 37,000 ರೂಪಾಯಿ. ಅದು ಪೂರ್ತಿ ಸಮಯ ಕೊಡುವವರಿಗೆ, ಸಂಬಳದ ಜೊತೆ ಬರುವುದಿಲ್ಲ. ಗೈಡ್ ಹತ್ತಿರ ಖಾಲಿ ಸೀಟು ಇದೆಯಾ ಅಂತಲೂ ಕೇಳಿಕೊಳ್ಳಿ. ಒಬ್ಬ ಪ್ರೊಫೆಸರ್ 8 ಜನರನ್ನು, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ಮಾತ್ರ ತೆಗೆದುಕೊಳ್ಳಬಹುದು.

ವಿಭಾಗ ಅಂದರೆ, ‘ಭಾಷಾ ನೀತಿ’ ಅಂತ ಬೋರ್ಡು ಹುಡುಕಬೇಡಿ. ಭಾಷಾವಿಜ್ಞಾನ, ಶಿಕ್ಷಣ, ರಾಜ್ಯಶಾಸ್ತ್ರ, ಕನ್ನಡ, ಎಲ್ಲ ಕಡೆಯಿಂದಲೂ ಜನ ಈ ವಿಷಯಕ್ಕೆ ಬಂದಿದ್ದಾರೆ. ಶೋಧಗಂಗಾ ಅನ್ನುವ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹದಲ್ಲಿ ನಿಮ್ಮ ವಿಷಯದ ಹತ್ತಿರದ ಪ್ರಬಂಧ ಯಾರ ಕೈಕೆಳಗೆ ಆಗಿದೆ ನೋಡಿ, ಅವರಿಗೆ ಬರೆಯಿರಿ. ವಿಭಾಗಕ್ಕಿಂತ ಗೈಡ್ ಮುಖ್ಯ.

ಹಳೇ ಮೇಷ್ಟ್ರು:
ತಾಯಿ, ನಾನು ಮೈಸೂರಿನಲ್ಲಿ ಭಾಷಾವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ನಿಮಗೆ ‘ರಾಜಕೀಯ’ ಅಂದವರ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇದು ಅರವತ್ತು ವರ್ಷಕ್ಕೂ ಹಳೆಯ ಶಿಸ್ತು. ನಾರ್ವೆಯ ಭಾಷೆಯ ಬಗ್ಗೆ ಬರೆಯುತ್ತಾ ಐನಾರ್ ಹಾಗೆನ್ 1959ರಲ್ಲಿ ಭಾಷಾ ಯೋಜನೆ ಅನ್ನುವ ಮಾತನ್ನು ಚಲಾವಣೆಗೆ ತಂದರು. ಆಮೇಲೆ ಕ್ಲಾಸ್ ಅನ್ನುವ ಜರ್ಮನ್ ವಿದ್ವಾಂಸರು ಅದನ್ನು ಎರಡು ಮಾಡಿದರು. ಭಾಷೆಗೆ ಸ್ಥಾನ ಕೊಡುವ ಕೆಲಸ ಒಂದು. ಭಾಷೆಯ ಒಡಲನ್ನು, ಅಂದರೆ ಪದ, ಲಿಪಿ, ವ್ಯಾಕರಣವನ್ನು ಸಿದ್ಧ ಮಾಡುವ ಕೆಲಸ ಇನ್ನೊಂದು. 1989ರಲ್ಲಿ ಕೂಪರ್ ಮೂರನೆಯದನ್ನು ಸೇರಿಸಿದರು: ಕಲಿಕೆಯ ಯೋಜನೆ.

ನಮ್ಮಲ್ಲಿ ಮೂರೂ ಕಣ್ಣೆದುರೇ ಇವೆ. 1963ರ ನಮ್ಮ ರಾಜ್ಯದ ರಾಜಭಾಷಾ ಕಾಯ್ದೆ ಸ್ಥಾನದ್ದು. ಆಡಳಿತ ಪದಕೋಶ, ಕಂಪ್ಯೂಟರಿಗೆ ಒಂದೇ ಥರದ ಕೀಲಿಮಣೆ, ಇವು ಒಡಲಿನದು. ಗೋಕಾಕ್ ವರದಿ ಕಲಿಕೆಯದು. ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಕನ್ನಡವನ್ನೇ ಓದದೆ ಪಾಸಾಗುವ ದಾರಿ ಇತ್ತು. ಆ ಪ್ರಶ್ನೆಗೆ 1980ರಲ್ಲಿ ಸಮಿತಿ ಆಯಿತು, 1981ರಲ್ಲಿ ವರದಿ ಬಂತು, 1982ರಲ್ಲಿ ಚಳವಳಿ. ರಾಜ್‌ಕುಮಾರ್ ಬೀದಿಗಿಳಿದದ್ದು ಆಗಲೇ. ಒಂದು ಅಂಕಪಟ್ಟಿಯ ಕಾಲಂ ಇಡೀ ರಾಜ್ಯವನ್ನು ಅಲುಗಾಡಿಸಿತು ನೋಡಿ.

ಈಗ ನಿಮ್ಮ ಶೀರ್ಷಿಕೆಗೆ ಬರೋಣ. ಅದು ಬೇಡ. ‘ಒಂದು ಅಧ್ಯಯನ’ ಅಂತ ಮುಗಿಯುವ ಶೀರ್ಷಿಕೆಯಲ್ಲಿ ಪ್ರಶ್ನೆ ಇರುವುದಿಲ್ಲ. 1956ರಿಂದ ಇವತ್ತಿನವರೆಗಿನ ಆದೇಶಗಳನ್ನು ಜೋಡಿಸಿ 300 ಪುಟ ಮಾಡಬಹುದು. ಅದು ಫೈಲು ಆಗುತ್ತದೆ, ಪ್ರಬಂಧ ಆಗುವುದಿಲ್ಲ. ಸ್ಪೋಲ್ಸ್ಕಿ ಅನ್ನುವವರು ಒಂದು ಒಳ್ಳೆಯ ಮಾತು ಹೇಳಿದ್ದಾರೆ. ಭಾಷಾ ನೀತಿಯಲ್ಲಿ ಮೂರು ಇರುತ್ತವೆ: ಜನ ನಿಜವಾಗಿ ಏನು ಮಾತಾಡುತ್ತಾರೆ, ಭಾಷೆ ಬಗ್ಗೆ ಏನು ನಂಬುತ್ತಾರೆ, ಮೇಲಿನವರು ಏನು ಮಾಡಿಸಲು ಹೋಗುತ್ತಾರೆ. ನಿಮ್ಮ ‘ಯಾಡಿ’ ಕಥೆಯಲ್ಲಿ ಈ ಮೂರೂ ಇವೆ. ಮಗು ಮಾತಾಡಿದ್ದು, ನೀವು ಸರಿ ಅಂತ ನಂಬಿದ್ದು, ಕಾರ್ಡಿನಲ್ಲಿ ಅಚ್ಚಾದದ್ದು. ಅಲ್ಲಿಂದಲೇ ಶುರು ಮಾಡಿ.

ಕೋರ್ಟ್ ಕಟ್ಟೆ:
ಮೇಡಂ, ನಿಮ್ಮ ವಿಷಯಕ್ಕೆ ಕಾನೂನಿನ ಬೆನ್ನೆಲುಬು ಗಟ್ಟಿಯಾಗಿದೆ. 1994ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಒಂದು ಆದೇಶ ಮಾಡಿತು. 1ರಿಂದ 4ನೇ ತರಗತಿವರೆಗೆ ಮಾಧ್ಯಮ ‘ಮಾತೃಭಾಷೆ ಅಥವಾ ಕನ್ನಡ’. ಇಂಗ್ಲಿಷ್ ಮಾಧ್ಯಮ ಶಾಲೆಗಳು ಕೋರ್ಟಿಗೆ ಹೋದವು. 2008ರಲ್ಲಿ ಹೈಕೋರ್ಟ್ ಶಾಲೆಗಳ ಪರವಾಗಿ ಹೇಳಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಮಾಧ್ಯಮದ ಆಯ್ಕೆ ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಒಳಗೆ ಬರುತ್ತದೆ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಹೇಳುವ 350ಎ ವಿಧಿಯನ್ನು ಹಿಡಿದು ಸರಕಾರ ಮಾತೃಭಾಷೆಯನ್ನು ಹೇರುವಂತಿಲ್ಲ ಎಂದಿತು.

ಈ ತೀರ್ಪಿನ ಬಗ್ಗೆ ಇಂಗ್ಲಿಷ್ ವರ್ಸಸ್ ಕನ್ನಡ ಅಂತ ಬೇಕಾದಷ್ಟು ಚರ್ಚೆ ಆಗಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮಗುವಿನ ಮಾತೃಭಾಷೆ ಯಾವುದು ಅಂತ ಹೇಳುವವರು ತಂದೆತಾಯಿ ಅಥವಾ ಪೋಷಕರು. ಹಾಗಾದರೆ ನಿಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆ ಕಾಲಂ ತುಂಬುವವರು ಯಾರು? ಏನು ಬರೆದಿದ್ದಾರೆ? ಒಂದು ಸಲ ತೆಗೆದು ನೋಡಿ.

ನಾಡುನುಡಿ:
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕನ್ನಡವನ್ನು ತಾಯ್ನುಡಿ ಅಂದವರು ಮೂರರಲ್ಲಿ ಎರಡು ಪಾಲು ಮಾತ್ರ. 2019-20ರಲ್ಲಿ ಸರಕಾರವೇ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಅಂಗಡಿ ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಲಿ ಅನ್ನುವುದಕ್ಕೂ ಬೀದಿಗೆ ಬರಬೇಕಾಯಿತು. ಹೀಗಿರುವಾಗ ಕನ್ನಡ ಶಾಲೆಯ ಒಳಗೂ ಬೇರೆ ಭಾಷೆಗೆ ಜಾಗ ಕೊಡಿ ಅಂತ ಪ್ರಬಂಧ ಬಂದರೆ ಅದನ್ನು ಯಾರು ಬಳಸಿಕೊಳ್ಳುತ್ತಾರೆ ಅನ್ನುವ ಭಯ ನನಗಿದೆ. ಕನ್ನಡ ಶಾಲೆ ಉಳಿಯುವುದರ ಮೇಲೆ ಸಂಶೋಧನೆ ಮಾಡಿ ಮೇಡಂ. ಅದು ಈಗ ತುರ್ತು.

ಚಂದ್ರಗಿರಿ ದಡ:
ಕಾಸರಗೋಡಿನಿಂದ ಬರೆಯುತ್ತಿದ್ದೇನೆ. 1956ರಲ್ಲಿ ನಾವು ಕೇರಳದ ಪಾಲಾದೆವು. ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಅಂತ ಹೇಳಿಯೂ ಏನೂ ಆಗಲಿಲ್ಲ. 2017ರಲ್ಲಿ ಕೇರಳ ಹತ್ತನೇ ತರಗತಿವರೆಗೆ ಮಲಯಾಳ ಕಡ್ಡಾಯ ಅಂದಾಗ ನಾವು ಬೀದಿಗಿಳಿದೆವು. ನಾನು ಓದುವಾಗ ಕನ್ನಡ ಮಾಧ್ಯಮದ ನಮ್ಮ ಕ್ಲಾಸಿಗೆ ಕನ್ನಡ ಬಾರದ ಒಬ್ಬ ಅಧ್ಯಾಪಕರು ಬಂದಿದ್ದರು. ಒಳ್ಳೆಯ ಮನುಷ್ಯ. ಆದರೆ ಗಣಿತದ ಒಂದು ಡೌಟು ಕೇಳುವುದಕ್ಕೂ ನಮಗೆ ಬಾಯಿ ಬರುತ್ತಿರಲಿಲ್ಲ. ವರ್ಷವಿಡೀ ಬೋರ್ಡು ನೋಡಿ ಬರೆದುಕೊಂಡೆವು.

ನಾಡುನುಡಿ ಅಣ್ಣಾ, ಕೇರಳಕ್ಕೆ ನಾವು ಏನು ಕೇಳುತ್ತೇವೋ ಅದನ್ನೇ ಆ ತಾಂಡಾದ ಮಗು ನಮ್ಮನ್ನು ಕೇಳುತ್ತಿದೆ. ಅಲ್ಲಿ ಬೇಕು, ಇಲ್ಲಿ ಬೇಡ ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಮಾತು. ನಮ್ಮ ಮನೆಯಲ್ಲಿ ತುಳು. ಶಾಲೆಯ ಫಾರಂನಲ್ಲಿ ಅಪ್ಪ ‘ಕನ್ನಡ’ ಅಂತ ಬರೆಸಿದರು. ಇಲ್ಲಿ ಕನ್ನಡಿಗರು ಅಂತ ಲೆಕ್ಕಕ್ಕೆ ಬರುವವರಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಯವರು ತುಂಬಾ ಜನ. ಅಪ್ಪ ಸುಳ್ಳು ಬರೆಸಲಿಲ್ಲ. ಕನ್ನಡ ಶಾಲೆ ಉಳಿಯಲಿ ಅಂತ ಬರೆಸಿದರು. ಕಾಲಂ ನೋಡುವಾಗ ಇದನ್ನೂ ನೆನಪಿನಲ್ಲಿ ಇಟ್ಟುಕೊಳ್ಳಿ ಟೀಚರ್.

ತಾಂಡಾ ಟೀಚರ್:
ನಿನ್ನೆ ಶಾಲೆ ಬಿಟ್ಟ ಮೇಲೆ ದಾಖಲಾತಿ ಪುಸ್ತಕ ತೆಗೆದು ಕೂತೆ. ಹನ್ನೆರಡು ವರ್ಷದ ಹಿಂದಿನದರಿಂದ ನೋಡಿದೆ. ಮಾತೃಭಾಷೆ ಕಾಲಂನಲ್ಲಿ ಸಾಲು ಸಾಲಾಗಿ ಕನ್ನಡ, ಕನ್ನಡ, ಕನ್ನಡ. ಎರಡು ಕಡೆ ಮಾತ್ರ ಲಂಬಾಣಿ ಅಂತಿದೆ, ಅದರಲ್ಲಿ ಒಂದನ್ನು ಹೊಡೆದು ಹಾಕಿ ಮೇಲೆ ಕನ್ನಡ ಅಂತ ಬರೆದಿದ್ದಾರೆ. ಕಳೆದ ನಾಲ್ಕು ವರ್ಷದ ಅಕ್ಷರ ನನ್ನದೇ. ನಾನೂ ಕನ್ನಡ ಅಂತಲೇ ಬರೆದಿದ್ದೇನೆ. ಒಬ್ಬ ತಾಯಿಯನ್ನೂ ಕೇಳಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಹಳೇ ಮೇಷ್ಟ್ರು:
ನೊಂದುಕೊಳ್ಳಬೇಡಿ ತಾಯಿ. ಆ ಹೊಡೆದು ಹಾಕಿದ ಸಾಲು ಇದೆಯಲ್ಲ, ಅದು ನಿಮ್ಮ ಪ್ರಬಂಧದ ಮೊದಲ ಪುಟ. ಮಕ್ಕಳ ಹೆಸರು ಮುಚ್ಚಿಟ್ಟು, ಅನುಮತಿ ಪಡೆದು, ಅಂಥ ಪುಸ್ತಕಗಳನ್ನು ಹತ್ತು ಶಾಲೆಗಳಲ್ಲಿ ನೋಡಿ.

ಜನಗಣತಿಯಲ್ಲೂ ಇದೇ ಕಥೆ. 2011ರಲ್ಲಿ ಜನ ತಮ್ಮ ತಾಯ್ನುಡಿ ಅಂತ ಬರೆಸಿದ ಹೆಸರುಗಳು 19,569. ಅವನ್ನು ಸೋಸಿ 1,369 ಮಾಡಿದರು. ಅವನ್ನು ಮತ್ತೆ ಗುಂಪು ಕಟ್ಟಿ 121 ಭಾಷೆಗಳ ಪಟ್ಟಿ ಮಾಡಿದರು. ಈ ಗುಂಪು ಕಟ್ಟುವಾಗ ಲಂಬಾಣಿ ಎಲ್ಲಿಗೆ ಹೋಯಿತು ಗೊತ್ತಾ? ಹಿಂದಿಯ ಕೆಳಗೆ. ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ ಜನ ಲಮಾಣಿ, ಲಂಬಾಡಿ ಅಂತ ಬರೆಸಿದರು, ಪಟ್ಟಿಯಲ್ಲಿ ಅವರು ಹಿಂದಿಯವರಾದರು. ಅಂದರೆ ನಿಮ್ಮ ಒಂದನೇ ಕ್ಲಾಸಿನ ಮಗು ಶಾಲೆಯ ಪುಸ್ತಕದಲ್ಲಿ ಕನ್ನಡದ್ದು, ದೆಹಲಿಯ ಪುಸ್ತಕದಲ್ಲಿ ಹಿಂದಿಯದು. ಮನೆಯಲ್ಲಿ ಅದು ಮಾತಾಡುವ ಭಾಷೆ ಎರಡರಲ್ಲೂ ಇಲ್ಲ.

ನಾಯಕ್ ತಾಂಡಾ:
ಎಲ್ಲ ಓದುತ್ತಿದ್ದೆ. ನಾನು ವಿಜಯಪುರ ಕಡೆಯ ತಾಂಡಾದವನು, ಈಗ ಬೆಂಗಳೂರಿನಲ್ಲಿ ಬ್ಯಾಂಕ್ ನೌಕರಿ. ಟೀಚರ್ ಹೇಳಿದ ಆ ಬಾಯಿ ಬಿಡದ ಮಗು ನಾನೇ. ಒಂದನೇ ಕ್ಲಾಸಿನಲ್ಲಿ ಒಂದಕ್ಕೆ ಹೋಗಬೇಕು ಅಂತ ಕೇಳುವುದಕ್ಕೆ ಕನ್ನಡ ಗೊತ್ತಿರಲಿಲ್ಲ. ಕ್ಲಾಸಿನಲ್ಲೇ ಆಗಿಹೋಯಿತು. ಎಲ್ಲರೂ ನಕ್ಕರು. ಹದಿನೈದು ದಿನ ಶಾಲೆಗೆ ಹೋಗಲಿಲ್ಲ. ಯಾಡಿ ಹೊಡೆದು ಕಳಿಸಿದಳು. ಅವಳಿಗೂ ಕಾರಣ ಹೇಳಲಿಲ್ಲ.

ಆದರೆ ನಾಲ್ಕು ಮಾತು ನೇರವಾಗಿ ಹೇಳಬೇಕು. ಮೊದಲನೆಯದು, ನಮ್ಮ ತಾಂಡಾಕ್ಕೆ ಬಂದು ಹಾಡು, ಕಸೂತಿ, ಕನ್ನಡಿ ಲಂಗದ ಫೋಟೋ ತೆಗೆದುಕೊಂಡು ಪಿಎಚ್‌ಡಿ ಮಾಡಿದವರು ಬಹಳ. ಮತ್ತೆ ತಿರುಗಿ ಬಂದವರು ಕಡಿಮೆ. ನೀವು ಅಲ್ಲೇ ಇರುವವರು, ಹಾಗಾಗಿ ನಂಬುತ್ತೇನೆ.

ಎರಡನೆಯದು, ಮಾತೃಭಾಷೆಯಲ್ಲಿ ಕಲಿಸುತ್ತೇವೆ ಅಂದರೆ ನಮ್ಮವರು ಕುಣಿದಾಡುತ್ತಾರೆ ಅಂದುಕೊಳ್ಳಬೇಡಿ. ನನ್ನ ಅಣ್ಣ ಪ್ರತಿ ವರ್ಷ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾನೆ. ಮಗಳನ್ನು ಇಂಗ್ಲಿಷ್ ಶಾಲೆಗೆ ಹಾಕಲು ಸಾಲ ಮಾಡಿದ್ದಾನೆ. ‘ನಮ್ಮ ಭಾಷೆ ಮನೆಯಲ್ಲೇ ಇದೆ, ಅದನ್ನು ಕಲಿಯಲು ಶಾಲೆಗೆ ಯಾಕೆ ಕಳಿಸಲಿ?’ ಅಂತ ಕೇಳುತ್ತಾನೆ. ಅವನ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಿಮ್ಮ ಪ್ರಬಂಧದಲ್ಲಿ ಅವನ ಪ್ರಶ್ನೆ ಇರಬೇಕು.

ಮೂರನೆಯದು, ಕರ್ನಾಟಕದಲ್ಲಿ ನಾವು ಪರಿಶಿಷ್ಟ ಜಾತಿ. ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಹಾಗಾಗಿ ಬುಡಕಟ್ಟು ಭಾಷೆ ಅನ್ನುವ ಹೆಸರಿನ ಯೋಜನೆ ಇಲ್ಲಿ ಬಂದರೂ ನಮ್ಮ ಮಕ್ಕಳಿಗೆ ತಾಕದೆ ಹೋಗಬಹುದು. ಜಾತಿಯ ಪಟ್ಟಿ ಭಾಷೆಯ ಹಣೆಬರಹ ಬರೆಯುವುದು ಹೀಗೆ. ಲಿಪಿಯೂ ಹಾಗೇ. ನಮಗೆ ಸ್ವಂತ ಲಿಪಿ ಇಲ್ಲ. ಇಲ್ಲಿ ಕನ್ನಡದಲ್ಲಿ, ಅಲ್ಲಿ ತೆಲುಗಿನಲ್ಲಿ, ಉತ್ತರದ ಕಡೆ ದೇವನಾಗರಿಯಲ್ಲಿ ಬರೆಯುತ್ತೇವೆ. ಸಂವಿಧಾನದ ಭಾಷೆಗಳ ಪಟ್ಟಿಯಾದ ಎಂಟನೇ ಪರಿಚ್ಛೇದಕ್ಕೆ ಸೇರಿಸಿ ಅಂತ ಕೇಳುವಾಗಲೂ ಯಾವ ಲಿಪಿ ಅನ್ನುವ ಜಗಳ ನಮ್ಮೊಳಗೇ ಇದೆ.

ನಾಲ್ಕನೆಯದು, ಎಚ್‌ಎಂ (ಮುಖ್ಯೋಪಾಧ್ಯಾಯರು) ಮತ್ತು ಅಧಿಕಾರಿಗಳ ಸಂದರ್ಶನ ಕಡಿಮೆ ಮಾಡಿ. ತಾಯಂದಿರನ್ನು ಕೇಳಿ. ಹೊಲದಿಂದ ಬಂದ ಮೇಲೆ, ಒಲೆ ಹಚ್ಚಿ ಕೂತಾಗ.

ಕಾರ್ಡಿಫ್ ಕನ್ನಡತಿ:
ಈ ಕೊನೆಯ ಬರಹ ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನಾನು ವೇಲ್ಸ್‌ನಲ್ಲಿ ಇದೇ ಕ್ಷೇತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಹೋಲಿಕೆಗೆ ಒಂದು ಮಾತು. ಇಲ್ಲಿ ವೆಲ್ಷ್ ಭಾಷೆಗೆ 1993ರ ಕಾಯ್ದೆ ಇದೆ, 2011ರ ಇನ್ನೂ ಬಲವಾದ ಕಾನೂನು ಇದೆ, ದೂರು ಕೇಳುವುದಕ್ಕೆ ಭಾಷಾ ಆಯುಕ್ತರಿದ್ದಾರೆ. 2050ರ ಹೊತ್ತಿಗೆ 10 ಲಕ್ಷ ಜನ ವೆಲ್ಷ್ ಮಾತಾಡಬೇಕು ಅಂತ 2017ರಲ್ಲಿ ಸರಕಾರ ಗುರಿ ಇಟ್ಟಿತು. ಆದರೂ 2011ರಲ್ಲಿ 5.62 ಲಕ್ಷ ಇದ್ದವರು 2021ರ ಜನಗಣತಿಯಲ್ಲಿ 5.38 ಲಕ್ಷಕ್ಕೆ ಇಳಿದರು. ಇಳಿಕೆ ಹೆಚ್ಚಾಗಿ ಮಕ್ಕಳ ಲೆಕ್ಕದಲ್ಲಿ. ಚಿಕ್ಕ ಮಕ್ಕಳ ಪರವಾಗಿ ಫಾರಂ ತುಂಬುವವರು ಹೆತ್ತವರು. ಕೊರೋನಾ ಕಾಲದಲ್ಲಿ ಮಗು ಮನೆಯಲ್ಲೇ ಕೂತಿತ್ತು, ಅದು ಶಾಲೆಯಲ್ಲಿ ಆಡುವ ವೆಲ್ಷ್ ಹೆತ್ತವರ ಕಿವಿಗೆ ಬೀಳಲಿಲ್ಲ. ಅದೂ ಒಂದು ಕಾರಣ ಇರಬಹುದು ಅಂತ ಇಲ್ಲಿ ಚರ್ಚೆ ನಡೆದಿದೆ. ಇಲ್ಲೂ ಪ್ರಶ್ನೆ ಕಾಲಂ ತುಂಬುವವರದೇ.

ಬೇರೆ ದೇಶ ಯಾಕೆ, ಒಡಿಶಾ ನೋಡಿ. 2006ರಿಂದ ಅಲ್ಲಿ ಸಂತಾಲಿ, ಸಾವರ, ಕುಯಿ ಸೇರಿ 10 ಬುಡಕಟ್ಟು ಭಾಷೆಗಳಲ್ಲಿ ಒಂದನೇ ತರಗತಿ ಶುರು ಮಾಡಿದರು. ಮಗು ತನ್ನ ಭಾಷೆಯಲ್ಲಿ ಅಕ್ಷರ ಕಲಿತು, ಮೆಲ್ಲಗೆ ಒಡಿಯಾಕ್ಕೆ ದಾಟುತ್ತದೆ. ನಾಡುನುಡಿಯವರ ಭಯಕ್ಕೆ ಇಲ್ಲಿ ಉತ್ತರ ಇದೆ ಅನ್ನಿಸುತ್ತದೆ. ಒಡಿಯಾ ಶಾಲೆ ಇದರಿಂದ ಮುಚ್ಚಲಿಲ್ಲ, ಒಡಿಯಾಕ್ಕೆ ಹೋಗುವ ದಾರಿಯೇ ಅದಾಯಿತು. ನಿಮ್ಮ ತಾಂಡಾಕ್ಕೂ ಒಡಿಶಾದ ಒಂದು ಜಿಲ್ಲೆಗೂ ಹೋಲಿಕೆ ಮಾಡಿದರೆ ಬಹಳ ಗಟ್ಟಿ ಕೆಲಸ ಆಗುತ್ತದೆ.

ಎರಡನೇ ವರ್ಷ:
ಹೋಲಿಕೆ ಚೆನ್ನಾಗಿದೆ, ಆದರೆ ಪಾರ್ಟ್‌ಟೈಮ್ ಮಾಡುವವರಿಗೆ ಬೇಡ ಅನ್ನುತ್ತೇನೆ. ರಜೆ ಸಿಗುವುದೇ ಕಷ್ಟ. ಎರಡು ತಾಂಡಾ, ಮೂರು ಶಾಲೆ ಸಾಕು. ಒಡಿಶಾವನ್ನು ಒಂದು ಅಧ್ಯಾಯದಲ್ಲಿ ಓದಿದ್ದರ ಮೇಲೆ ಬರೆಯಬಹುದು.

ಬರೆಯುವ ಭಾಷೆ ಬಗ್ಗೆ ಯಾರೂ ಹೇಳಲಿಲ್ಲ. ಕನ್ನಡದಲ್ಲೇ ಬರೆಯಿರಿ ಅಕ್ಕಾ. ನಾನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ, ನಮ್ಮ ವಿಭಾಗದಲ್ಲಿ ಬೇರೆ ದಾರಿ ಇಲ್ಲ. ನಾನು ಮಾತಾಡಿಸಿದ ಒಬ್ಬ ಶಿಕ್ಷಕರೂ ನನ್ನ ಪ್ರಬಂಧ ಓದಲಾರರು. ಅದು ನನಗೆ ದಿನಾ ನೋವು ಕೊಡುತ್ತದೆ. ಕನ್ನಡದಲ್ಲಿ ಬರೆದರೆ ಹೊರ ರಾಜ್ಯದ ಪರೀಕ್ಷಕರು ಸಿಗುವುದು ಕಷ್ಟ ಅನ್ನುವುದು ನಿಜ. ಆದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಒಬ್ಬರಾದರೂ ಅದನ್ನು ತೆರೆದು ನೋಡಬಹುದು. ಒಂದೆರಡು ಲೇಖನ ಮಾತ್ರ ಇಂಗ್ಲಿಷಿನಲ್ಲಿ ಮಾಡಿ.

ನಾಡುನುಡಿ:
ಚಂದ್ರಗಿರಿಯವರ ಮಾತು ನನ್ನನ್ನು ತಟ್ಟಿತು. ನನ್ನ ಭಯ ಪೂರ್ತಿ ಹೋಗಿಲ್ಲ. ಆದರೆ ಬಾಯಿ ಮುಚ್ಚಿಸಿ ಕಲಿಸಿದ ಕನ್ನಡ ಆ ಮಗುವಿಗೆ ತನ್ನದು ಅನ್ನಿಸುವುದಿಲ್ಲ, ಅದನ್ನು ಒಪ್ಪುತ್ತೇನೆ. ಮೇಡಂ, ತನ್ನ ಭಾಷೆಯಲ್ಲಿ ಶುರು ಮಾಡಿದ ಮಗು ನಾಲ್ಕನೇ ಕ್ಲಾಸಿಗೆ ಬರುವಾಗ ಕನ್ನಡ ಚೆನ್ನಾಗಿ ಓದುತ್ತದಾ ಅನ್ನುವುದನ್ನೂ ಅಳೆಯಿರಿ. ಅದು ಗೊತ್ತಾದರೆ ನನ್ನಂಥವರ ಜೊತೆ ಮಾತಾಡುವುದು ಸುಲಭ ಆಗುತ್ತದೆ.

ತಾಂಡಾ ಟೀಚರ್:
ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಈ ವಾರ ಒಂದು ಕೆಲಸ ಮಾಡಿದೆ. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಒಂದನೇ ಕ್ಲಾಸಿಗೆ ಕರೆತಂದು ಕಾಗೆ-ನರಿ ಕಥೆಯನ್ನು ಅವಳ ಭಾಷೆಯಲ್ಲಿ ಹೇಳಿಸಿದೆ. ಜೂನ್‌ನಿಂದ ಒಂದು ಮಾತೂ ಆಡದೆ ಕೂತಿದ್ದ ಹುಡುಗ ಎದ್ದು ನಿಂತು ಅವಳನ್ನು ಏನೋ ಕೇಳಿದ. ನನಗೆ ಅರ್ಥ ಆಗಲಿಲ್ಲ. ಅವಳೇ ಕನ್ನಡ ಮಾಡಿ ಹೇಳಿದಳು: ‘ಕಾಗೆಗೆ ಆ ರೊಟ್ಟಿ ಯಾರು ಕೊಟ್ಟರು ಅಂತ ಕೇಳ್ತಾನೆ ಟೀಚರ್.’

ಎನ್‌ಒಸಿಗೆ ಅರ್ಜಿ ಬರೆದಿದ್ದೇನೆ. ಮೇಷ್ಟ್ರೇ, ಹೊಸ ಶೀರ್ಷಿಕೆ ಹೀಗೆ ಮಾಡಿದ್ದೇನೆ: ‘ಮಾತೃಭಾಷೆ ಕಾಲಂ ತುಂಬುವವರು ಯಾರು? ಲಿಂಗಸುಗೂರು ತಾಲ್ಲೂಕಿನ ಮೂರು ಶಾಲೆಗಳಲ್ಲಿ ಲಂಬಾಣಿ ಮಕ್ಕಳು ಮತ್ತು ಕಲಿಕಾ ಮಾಧ್ಯಮ’. ಸರಿ ಇದೆಯಾ?

ಹಳೇ ಮೇಷ್ಟ್ರು:
ಈಗ ಪ್ರಶ್ನೆ ಬಂತು. ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಬರೆದು ಕಳಿಸಿ, ನಾನು ಓದುತ್ತೇನೆ.

ನಾಯಕ್ ತಾಂಡಾ:
ಒಂದು ಮಾತು ಟೀಚರ್. ‘ಲಂಬಾಣಿ’ ಅನ್ನುವುದು ಬೇರೆಯವರು ನಮಗೆ ಇಟ್ಟ ಹೆಸರು. ನಾವು ನಮ್ಮನ್ನು ಗೋರ್ ಅನ್ನುತ್ತೇವೆ, ಭಾಷೆಯನ್ನು ಗೋರಬೋಲಿ ಅನ್ನುತ್ತೇವೆ. ಆದರೆ ನನ್ನ ಯಾಡಿಗೆ ‘ಲಂಬಾಣಿ ಮಾತು’ ಅಂದರೂ ಬೇಜಾರಿಲ್ಲ. ಶೀರ್ಷಿಕೆಯಲ್ಲಿ ಯಾವುದು ಇರಬೇಕು ಅಂತ ನಾನು ಹೇಳುವುದು ಸರಿಯಲ್ಲ. ನಿಮ್ಮ ತಾಂಡಾದಲ್ಲಿ ಕೇಳಿ.

ತಾಂಡಾ ಟೀಚರ್:
ಆಯ್ತು ಅಣ್ಣಾ. ಭಾನುವಾರ ಸಂಜೆ ಹೋಗುತ್ತೇನೆ. ಆ ಹುಡುಗನ ಮನೆಗೇ ಮೊದಲು.